ಮೊದಲು ಕೈ ಎತ್ತಿಸಿ, ಆಮೇಲೆ ಮಾಡಿ ತೋರಿಸಿ: ವಿಜ್ಞಾನ ರಂಗಪ್ರಯೋಗದ ಬಗ್ಗೆ ಓದುಗರ ಪ್ರಶ್ನೆಗಳು

ಸಿ. ವಿ. ರಾಮನ್ ತಮ್ಮ ಶೋಧವನ್ನು ಜಗತ್ತಿಗೆ ತಿಳಿಸಿದ್ದು 1928ರ ಫೆಬ್ರವರಿ 28ರಂದು. ಆ ದಿನವೇ ರಾಷ್ಟ್ರೀಯ ವಿಜ್ಞಾನ ದಿನ. ಕರಾವಳಿಯ ಶಾಲೆಗಳಲ್ಲಿ ಅದಕ್ಕೆ ತಯಾರಿ ಶುರುವಾಗಿದೆ. ಹಾಗಾಗಿ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವೇದಿಕೆಯ ಮೇಲೆ ಮಕ್ಕಳಿಗೆ ವಿಜ್ಞಾನ ತೋರಿಸುವ ಬಗ್ಗೆಯೇ ಇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಶಾಲೆಯಲ್ಲಿ ಪ್ರಯೋಗಗಳ ಪ್ರದರ್ಶನ ಮಾಡಿದೆವು. ಮಕ್ಕಳು ಚಪ್ಪಾಳೆ ತಟ್ಟಿ ಕುಣಿದರು. ಒಂದು ವಾರ ಬಿಟ್ಟು "ಡಬ್ಬಿ ಯಾಕೆ ಅಪ್ಪಚ್ಚಿಯಾಯಿತು?" ಎಂದು ಕೇಳಿದರೆ ಒಬ್ಬರಿಗೂ ಹೇಳಲು ಬರಲಿಲ್ಲ. ಎಲ್ಲಿ ತಪ್ಪಿದೆ?
– ಪ್ರಾಥಮಿಕ ಶಾಲಾ ಶಿಕ್ಷಕಿ, ಕಾರ್ಕಳ

ಉತ್ತರ: ಪ್ರಯೋಗ ತಪ್ಪಿಲ್ಲ ಟೀಚರ್, ಕ್ರಮ ತಪ್ಪಿದೆ. ಮಕ್ಕಳು ತಮ್ಮ ಊಹೆಯನ್ನು ಬಾಯಿಬಿಟ್ಟು ಹೇಳುವ ಮೊದಲೇ ಉತ್ತರ ಅವರ ಕಣ್ಣಮುಂದೆ ಬಂದುಬಿಟ್ಟಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳಿಗೂ ನೋಡದೇ ಇದ್ದವರಿಗೂ ತಿಳಿವಳಿಕೆಯಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಏನಾಗಬಹುದೆಂದು ಮೊದಲೇ ಊಹಿಸಿ, ಆಮೇಲೆ ನೋಡಿದವರು ಮಾತ್ರ ಸ್ಪಷ್ಟವಾಗಿ ಮುಂದಿದ್ದರು. ಊಹಿಸುವುದಕ್ಕೆ ಹಿಡಿಯುವುದು ಒಂದೆರಡು ನಿಮಿಷ ಅಷ್ಟೇ.

ನಿಮ್ಮ ಡಬ್ಬಿಯನ್ನೇ ತೆಗೆದುಕೊಳ್ಳಿ. ಅಲ್ಯೂಮಿನಿಯಂನ ತಂಪು ಪಾನೀಯದ ಖಾಲಿ ಡಬ್ಬಿಗೆ ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ನೀರು ಹಾಕಿ ಒಲೆಯ ಮೇಲಿಡಿ. ಬಾಯಿಯಿಂದ ದಟ್ಟ ಹಬೆ ಬರಲು ತೊಡಗಿದ ಮೇಲೆ ಇನ್ನೂ ಒಂದು ನಿಮಿಷ ಕಾಯಿರಿ. ಪಕ್ಕದಲ್ಲಿ ಅಗಲ ಪಾತ್ರೆಯಲ್ಲಿ ನಾಲ್ಕೈದು ಬೆರಳು ಆಳದ ತಣ್ಣೀರು ಇರಲಿ. ನಮ್ಮ ಕಡೆ ಮಾರ್ಚಿಯ ಟ್ಯಾಂಕಿ ನೀರು ಬೆಚ್ಚಗೇ ಇರುತ್ತದೆ, ಒಂದಷ್ಟು ಮಂಜುಗಡ್ಡೆ ಹಾಕಿ. ಇಲ್ಲಿ ಒಲೆ ಸಣ್ಣ ಮಾಡಿ, ಪ್ರಯೋಗ ನಿಲ್ಲಿಸಿ, ಮಕ್ಕಳ ಕಡೆ ತಿರುಗಿ. "ಡಬ್ಬಿಯನ್ನು ಬಾಯಿ ಕೆಳಗಾಗಿ ನೀರಿಗೆ ಅದ್ದುತ್ತೇನೆ. ನೀರು ಒಳಗೆ ಏರುತ್ತದೆ ಎನ್ನುವವರು ಕೈ ತಲೆಯ ಮೇಲಿಡಿ. ಡಬ್ಬಿ ಚಪ್ಪಟೆಯಾಗುತ್ತದೆ ಎನ್ನುವವರು ಕೈ ಕಟ್ಟಿ. ಏನೂ ಆಗದು ಎನ್ನುವವರು ಕೈ ಚಾಚಿ." ಲೆಕ್ಕವನ್ನು ಬೋರ್ಡಿನಲ್ಲಿ ಬರೆಯಿರಿ. ಬೇರೆ ಬೇರೆ ಮತ ಹಾಕಿದ ಇಬ್ಬರನ್ನು ಕರೆದು "ಯಾಕೆ?" ಎಂದು ಕೇಳಿ. ಸರಿ ತಪ್ಪು ಹೇಳಬೇಡಿ, ಮುಖದಲ್ಲಿಯೂ ತೋರಿಸಬೇಡಿ. ಆಮೇಲೆ ಒಲೆ ದೊಡ್ಡದು ಮಾಡಿ, ಹಬೆ ಮತ್ತೆ ಜೋರಾದ ಮೇಲೆ ಅದ್ದಿ.

ಅಲ್ಲಿಗೆ ಮುಗಿಸಿದರೆ ಅದು ಇನ್ನೂ ಜಾದೂವೇ. ಎರಡನೆಯ ಡಬ್ಬಿ ಬೇಕು. ಅದನ್ನೂ ಹಾಗೆಯೇ ಕಾಯಿಸಿ, ಈ ಸಲ ಬಾಯಿ ಮೇಲಾಗಿಯೇ ತಳವನ್ನು ಮಾತ್ರ ನೀರಿನಲ್ಲಿಡಿ. ಮತ್ತೆ ಮತ ಕೇಳಿ. ಅದೇ ತಣ್ಣೀರು, ಅದೇ ಹಬೆ, ಆದರೂ ಡಬ್ಬಿಗೆ ಏನೂ ಆಗುವುದಿಲ್ಲ. ತಂಪಾದ್ದಕ್ಕೇ ಮುದುಡಿತು ಎಂದುಕೊಂಡಿದ್ದ ಮಗು ಈಗ ಬೇರೆ ಕಾರಣ ಹುಡುಕಲೇಬೇಕು. ಒಳಗಿನ ಹಬೆ ನೀರಾಗಿ ಜಾಗ ಖಾಲಿಯಾಯಿತು. ಮೊದಲ ಡಬ್ಬಿಯ ಬಾಯನ್ನು ನೀರು ಮುಚ್ಚಿತ್ತು, ಹೊರಗಿನ ಗಾಳಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಂತೆ ಎಲ್ಲ ಕಡೆಯಿಂದ ಒತ್ತಿತು. ಎರಡನೆಯದರಲ್ಲಿ ಗಾಳಿ ಬಾಯಿಯಿಂದ ಒಳಗೇ ನುಗ್ಗಿ ಸರಿದೂಗಿಸಿತು.

ಕೆಡುವುದು ಎಲ್ಲಿ ಎಂದರೆ: ನೀರು ಪೂರ್ತಿ ಇಂಗುವ ತನಕ ಕಾಯಿಸಿದರೆ ಡಬ್ಬಿಯಲ್ಲಿ ಹಬೆ ಇರದೆ ಬಿಸಿ ಗಾಳಿ ಮಾತ್ರ ಉಳಿಯುತ್ತದೆ, ಬಣ್ಣ ಸುಟ್ಟು ವಾಸನೆ ಬರುತ್ತದೆ, ಡಬ್ಬಿ ಮುದುಡುವುದಿಲ್ಲ. ಅರ್ಧ ಡಬ್ಬಿ ನೀರು ಹಾಕಿದರೆ ಕುದಿಯುವಷ್ಟರಲ್ಲಿ ಮಕ್ಕಳು ಬೇಸತ್ತಿರುತ್ತಾರೆ, ಮಗುಚುವಾಗ ಬಿಸಿನೀರು ಕೈಗೆ ಚೆಲ್ಲುತ್ತದೆ. ಇಕ್ಕಳವನ್ನು ಅಂಗೈ ಮೇಲಾಗುವಂತೆ ಹಿಡಿದು ಡಬ್ಬಿ ಎತ್ತಿದರೆ ಮಣಿಕಟ್ಟು ತಿರುಗಿಸಿದ ಕೂಡಲೇ ಬಾಯಿ ಕೆಳಗಾಗುತ್ತದೆ. ಈ ಒಂದು ತಿರುವನ್ನು ಖಾಲಿ ಡಬ್ಬಿಯಲ್ಲಿ ಹತ್ತಾರು ಸಲ ಅಭ್ಯಾಸ ಮಾಡಿ.

ಪ್ರಶ್ನೆ: ನಮ್ಮ ಯುವಕ ಮಂಡಲದ ಮಕ್ಕಳಿಗೆ ಯಕ್ಷಗಾನದ ಅಭ್ಯಾಸ ಇದೆ. ಆ ರೂಪದಲ್ಲಿ ವಿಜ್ಞಾನ ತರಬಹುದೇ? ವೇಷ, ಬಣ್ಣಕ್ಕೆ ಖರ್ಚು ಮಾಡುವಷ್ಟು ಹಣ ಇಲ್ಲ.
– ಯುವಕ ಮಂಡಲದ ಕಾರ್ಯದರ್ಶಿ, ಬ್ರಹ್ಮಾವರ

ಉತ್ತರ: ಹಾಗಿದ್ದರೆ ತಾಳಮದ್ದಳೆಯ ರೂಪ ಹಿಡಿಯಿರಿ. ವೇಷ ಬೇಡ, ಕುಣಿತ ಬೇಡ. ಹಾಡುವ ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕುಳಿತು ಮಾತಿನಲ್ಲೇ ಪಾತ್ರ ನಡೆಸುವ ಇಬ್ಬರು ಅರ್ಥಧಾರಿಗಳು ಸಾಕು. ವಿಜ್ಞಾನಕ್ಕೆ ಇದಕ್ಕಿಂತ ಒಪ್ಪುವ ರಂಗರೂಪ ನಮ್ಮಲ್ಲಿ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಯಾಕೆಂದರೆ ಇಲ್ಲಿ ಕಥೆ ಮುಂದೆ ಹೋಗುವುದೇ ವಾದದ ಬಲದಿಂದ. ಪಾತ್ರಧಾರಿ ಎದುರಾಳಿಯ ಮಾತು ಕೇಳಿ, ಅದಕ್ಕೇ ಉತ್ತರ ಕೊಡಬೇಕು. ಮೇ ಕೊನೆಯ ಹೊತ್ತಿನ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಊರೂರಿನಲ್ಲಿ ತಾಳಮದ್ದಳೆ ನಡೆಯುತ್ತದೆ, ಮಕ್ಕಳು ಅದನ್ನು ಕೇಳಿಯೇ ಇರುತ್ತಾರೆ.

ವಿಷಯಕ್ಕೆ ಮೇಣದಬತ್ತಿ ಒಂದೇ ಸಾಕು. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1860–61ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳ ಎದುರು ಮೇಣದಬತ್ತಿಯನ್ನೇ ಹಿಡಿದು ಆರು ಉಪನ್ಯಾಸ ನಡೆಸಿದ್ದರು. ನಿಮಗೆ ಬೇಕಾದದ್ದು ಒಂದು ತಟ್ಟೆ, ಅದರಲ್ಲಿ ಒಂದು ಸೆಂಟಿಮೀಟರ್ ಬಣ್ಣದ ನೀರು, ನಡುವೆ ಐದು ಸೆಂಟಿಮೀಟರಿನ ಮೇಣದಬತ್ತಿ, ಮೇಲೆ ಕವುಚಲು ಅರ್ಧ ಲೀಟರಿನ ಗಾಜಿನ ಬಾಟ್ಲಿ. ಬಾಟ್ಲಿ ಕವುಚಿದರೆ ದೀಪ ಆರುತ್ತದೆ, ನೀರು ಬಾಟ್ಲಿಯೊಳಗೆ ಏರುತ್ತದೆ.

ಮೊದಲ ಅರ್ಥಧಾರಿಯ ಪಕ್ಷ: "ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ. ದೀಪ ಅದನ್ನು ತಿಂದಿತು, ಆ ಜಾಗಕ್ಕೆ ನೀರು ಬಂತು." ಈ ವಿವರಣೆ ಎಷ್ಟೋ ಪುಸ್ತಕಗಳಲ್ಲೂ ಇದೆ. ಆದ್ದರಿಂದ ಸಭೆಯಲ್ಲಿ ಇವರಿಗೇ ಹೆಚ್ಚು ಮತ ಬೀಳುತ್ತದೆ. ಎರಡನೆಯ ಅರ್ಥಧಾರಿಯ ಪಕ್ಷ: "ಬಾಟ್ಲಿ ಇಳಿಸುವಾಗಲೇ ಜ್ವಾಲೆ ಒಳಗಿನ ಗಾಳಿಯನ್ನು ಬಿಸಿ ಮಾಡಿತು, ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಯಿತು. ದೀಪ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗಿತು, ಹೊರಗಿನ ಒತ್ತಡ ನೀರನ್ನು ಒಳಗೆ ದೂಡಿತು." ಇಬ್ಬರೂ ಹತ್ತು ನಿಮಿಷ ವಾದಿಸಲಿ. ಆಮೇಲೆ ಭಾಗವತರು ಇಬ್ಬರನ್ನೂ ತಡೆದು ಕೇಳಬೇಕಾದ ಪ್ರಶ್ನೆ ಇದು: "ಅದೇ ಬಾಟ್ಲಿಯ ಅಡಿಯಲ್ಲಿ ಒಂದರ ಬದಲು ಮೂರು ಬತ್ತಿ ಉರಿಸಿದರೆ ನೀರು ಎಷ್ಟು ಏರೀತು?" ಬಾಟ್ಲಿಯಲ್ಲಿರುವ ಆಮ್ಲಜನಕ ಅಷ್ಟೇ. ಮೊದಲನೆಯವರ ಮಾತು ನಿಜವಾದರೆ ನೀರು ಅಷ್ಟಕ್ಕೇ ನಿಲ್ಲಬೇಕು. ಚೆಂಡೆ ಬಾರಿಸಲಿ, ಸಭೆ ಮತ ಹಾಕಲಿ, ಮಾಡಿ ನೋಡಿ. ಮೂರು ಬತ್ತಿಗೆ ನೀರು ಕಣ್ಣಿಗೆ ಕಾಣುವಷ್ಟು ಮೇಲೇರುತ್ತದೆ. ಇನ್ನೊಂದು ಸಾಕ್ಷಿಯೂ ಇದೆ: ನೀರು ಹೆಚ್ಚು ಏರುವುದು ದೀಪ ಉರಿಯುವಾಗ ಅಲ್ಲ, ಆರಿದ ಮೇಲೆ.

ಮೊದಲನೆಯವರನ್ನು ಪೂರ್ತಿ ಸೋಲಿಸಬೇಡಿ. ಆಮ್ಲಜನಕ ಖರ್ಚಾಗುವುದು ಸುಳ್ಳಲ್ಲ. ಆದರೆ ಅದರ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಮತ್ತು ಆಮ್ಲಜನಕ ಸುಮಾರು ಶೇಕಡ 16ಕ್ಕೆ ಇಳಿದಾಗಲೇ ಬತ್ತಿ ಆರುತ್ತದೆ, ಪೂರ್ತಿ ಮುಗಿಯುವುದಿಲ್ಲ. ಇಷ್ಟನ್ನು ಎರಡನೆಯ ಅರ್ಥಧಾರಿಯ ಬಾಯಿಂದಲೇ ಹೇಳಿಸಿ.

ಬಾಟ್ಲಿಯ ಅಂಚು ತಟ್ಟೆಗೆ ಒತ್ತಿ ಕೂತರೆ ನೀರಿಗೆ ಒಳಗೆ ಹೋಗಲು ದಾರಿ ಇರುವುದಿಲ್ಲ. ಅಂಚಿನಡಿ ಎರಡು ಕಡೆ ಒಂದೊಂದು ರೂಪಾಯಿ ನಾಣ್ಯ ಇಡಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಹಾಕಿದರೆ ಗಾಳಿ ಹೊರಬರುವ ಗುಳ್ಳೆಗಳು ಎದ್ದು ಕಾಣುತ್ತವೆ. ಬತ್ತಿಗಳೆಲ್ಲ ಒಂದೇ ಎತ್ತರ ಇರಲಿ, ಎರಡೂ ಸಲ ಬಾಟ್ಲಿಯನ್ನು ಒಂದೇ ವೇಗದಲ್ಲಿ ಇಳಿಸಿ. ಇಲ್ಲದಿದ್ದರೆ "ನೀವು ಬೇಕೆಂದೇ ನಿಧಾನ ಮಾಡಿದಿರಿ" ಎಂದು ಮಕ್ಕಳು ಆಕ್ಷೇಪಿಸುತ್ತಾರೆ. ಆ ಆಕ್ಷೇಪ ಬಂದರೆ ಬಹಳ ಒಳ್ಳೆಯದು, ಅವರ ಕೈಯಿಂದಲೇ ಇನ್ನೊಮ್ಮೆ ಮಾಡಿಸಿ.

ಪ್ರಶ್ನೆ: ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ವೇದಿಕೆಯಲ್ಲಿ ಯಾವ ಭಾಷೆ ಬಳಸಬೇಕು?
– ಶಿಕ್ಷಕ, ಉಳ್ಳಾಲ

ಉತ್ತರ: ಪ್ರಶ್ನೆ ಮನೆಯ ಭಾಷೆಯಲ್ಲಿ, ಹೆಸರು ಪಾಠಪುಸ್ತಕದ ಭಾಷೆಯಲ್ಲಿ. ಊಹಿಸಿ ವಾದ ಮಾಡುವಾಗ ಮಗು ತನಗೆ ಸಲೀಸಾದ ಮಾತಿನಲ್ಲೇ ಆಡಲಿ. ಕೊನೆಗೆ 'ವಾಯುಮಂಡಲದ ಒತ್ತಡ' ಎಂಬಂಥ ಪದವನ್ನು ಬೋರ್ಡಿನಲ್ಲಿ ಬರೆದು ಎರಡು ಸಲ ಹೇಳಿಸಿ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತುಳು ಅಥವಾ ಬ್ಯಾರಿ ಮಾತಾಡುವ ಪಾತ್ರವನ್ನು ಪೆದ್ದನನ್ನಾಗಿಯೂ ಇಂಗ್ಲಿಷ್ ಬೆರೆಸುವವನನ್ನು ಜಾಣನನ್ನಾಗಿಯೂ ಮಾಡಬೇಡಿ. ಮಕ್ಕಳು ಪ್ರಯೋಗ ಮರೆತರೂ ಅದನ್ನು ಮರೆಯುವುದಿಲ್ಲ.

ಪ್ರಶ್ನೆ: ಬಲೂನನ್ನು ತಲೆಗೆ ಉಜ್ಜಿ ಗೋಡೆಗೆ ಅಂಟಿಸುವ ಪ್ರಯೋಗ ವಿಡಿಯೋಗಳಲ್ಲೆಲ್ಲ ಸುಲಭ. ಜುಲೈಯಲ್ಲಿ ಮಗಳ ಶಾಲೆಯಲ್ಲಿ ಮಾಡಿದಾಗ ಒಂದೂ ಅಂಟಲಿಲ್ಲ.
– ಪೋಷಕರು, ಸುರತ್ಕಲ್

ಉತ್ತರ: ಜುಲೈಯಲ್ಲಿ ನಮ್ಮ ಕರಾವಳಿಯ ತೇವಾಂಶ ಶೇಕಡ 90ರ ಆಸುಪಾಸು ಇರುತ್ತದೆ. ಬಲೂನು, ಕೂದಲು, ಗೋಡೆ ಎಲ್ಲದರ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತಿರುತ್ತದೆ. ಉಜ್ಜಿ ಸೇರಿಸಿದ ವಿದ್ಯುದಾವೇಶ ಆ ಪದರದ ಮೂಲಕ ಹರಿದುಹೋಗುತ್ತದೆ. ವಿಡಿಯೋ ಮಾಡಿದವರು ಒಣ ಹವೆಯ ಊರಿನವರಿರಬೇಕು.

ಸ್ಥಿರ ವಿದ್ಯುತ್ತಿನ ಪ್ರಯೋಗಗಳನ್ನು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಘಟ್ಟದ ಕಡೆಯ ಒಣಗಾಳಿ ಇರುವ ಬೆಳಗ್ಗೆ ಹತ್ತು–ಹನ್ನೊಂದರ ಹೊತ್ತು ಚೆನ್ನ, ಮಧ್ಯಾಹ್ನ ಕಡಲಗಾಳಿ ಬೀಸತೊಡಗಿದರೆ ಮತ್ತೆ ತೇವ ಏರುತ್ತದೆ. ಬಲೂನಿಗಿಂತ ಅರ್ಧ ಮೀಟರ್ ಉದ್ದದ ಪಿವಿಸಿ ಪೈಪ್ ಮತ್ತು ಉಣ್ಣೆಯ ಬಟ್ಟೆ ನಂಬಿಕಸ್ತ. ಪೈಪನ್ನು ಒಂದು ತುದಿಯಲ್ಲಿ ಮಾತ್ರ ಹಿಡಿಯಿರಿ, ಬೆವರಿದ ಕೈ ತಾಗಿದಲ್ಲೆಲ್ಲ ಆವೇಶ ಸೋರುತ್ತದೆ. ಪರೀಕ್ಷೆಗೆ ಥರ್ಮಾಕೋಲಿನ ಸಣ್ಣ ಚೂರುಗಳು ಸಾಕು.

ಮಳೆಗಾಲದಲ್ಲೇ ಮಾಡಬೇಕೆಂದಿದ್ದರೆ ಪೈಪನ್ನೂ ಬಟ್ಟೆಯನ್ನೂ ಹೇರ್ ಡ್ರೈಯರಿನಲ್ಲಿ ಎರಡು ನಿಮಿಷ ಒಣಗಿಸಿ ಕೂಡಲೇ ಉಜ್ಜಿ. ಇದನ್ನೇ ಆಟವಾಗಿಯೂ ಮಾಡಬಹುದು. ಎರಡು ಪೈಪು, ಎರಡು ಬಟ್ಟೆ. ಒಂದು ಜೋಡಿಯನ್ನು ಮಕ್ಕಳ ಕಣ್ಣೆದುರೇ ಒಣಗಿಸಿ, ಇನ್ನೊಂದನ್ನು ಹಾಗೇ ಬಿಡಿ. "ಯಾವುದು ಚೂರುಗಳನ್ನು ಎಳೆಯುತ್ತದೆ? ಯಾಕೆ?" ಕೆಟ್ಟುಹೋಗಬಹುದಾಗಿದ್ದ ಪ್ರಯೋಗ ಕರಾವಳಿಯ ಹವೆಯ ಪಾಠವಾಗುತ್ತದೆ.

ಪ್ರಶ್ನೆ: ಬಾಟ್ಲಿಯಿಂದ ನೊರೆ ಉಕ್ಕಿ ಬರುವ ಪ್ರಯೋಗದಲ್ಲಿ ನಮ್ಮದು ಬಾಯಿಯವರೆಗೂ ಬರಲಿಲ್ಲ. ಅಳತೆ ತಿಳಿಸಿ.
– ವಿಜ್ಞಾನ ಶಿಕ್ಷಕ, ಬಂಟ್ವಾಳ

ಉತ್ತರ: ಮೆಡಿಕಲ್ಲಿನಲ್ಲಿ ಸಿಗುವ ಶೇಕಡ 6ರ ಹೈಡ್ರೋಜನ್ ಪೆರಾಕ್ಸೈಡ್ 100 ಮಿಲಿಲೀಟರ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ದೊಡ್ಡ ಚಮಚ, ಅರ್ಧ ಲೀಟರಿನ ಕಿರಿಬಾಯಿಯ ಬಾಟ್ಲಿ. ಬೇರೆ ಲೋಟದಲ್ಲಿ ಮೂರು ದೊಡ್ಡ ಚಮಚ ಉಗುರುಬೆಚ್ಚಗಿನ ನೀರಿಗೆ ಒಂದು ಸಣ್ಣ ಚಮಚ ಒಣ ಯೀಸ್ಟ್ ಕಲಸಿ ಐದು ನಿಮಿಷ ಬಿಟ್ಟು ಒಮ್ಮೆಲೇ ಸುರಿಯಿರಿ. ಬಾಟ್ಲಿಯ ಲೇಬಲ್ಲಿನಲ್ಲಿ '20 ವಾಲ್ಯೂಮ್' ಎಂದಿದ್ದರೆ ಒಂದು ಮಿಲಿಲೀಟರ್ ದ್ರಾವಣದಿಂದ 20 ಮಿಲಿಲೀಟರ್ ಆಮ್ಲಜನಕ ಬರುತ್ತದೆ ಎಂದರ್ಥ. ನಿಮ್ಮ 100 ಮಿಲಿಲೀಟರಿನಿಂದ ಎರಡು ಲೀಟರ್. ಅರ್ಧ ಲೀಟರಿನ ಬಾಟ್ಲಿಯಲ್ಲಿ ಅದು ಹಿಡಿಯುವುದಿಲ್ಲ, ಉಕ್ಕಲೇಬೇಕು. ಮಕ್ಕಳು ಈ ಲೆಕ್ಕವನ್ನು ಮೊದಲೇ ಮಾಡಿ, ನೊರೆ ಎಲ್ಲಿಯವರೆಗೆ ಹರಿದೀತು ಎಂದು ಮೇಜಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಯಲಿ.

ನಿಮ್ಮದು ಉಕ್ಕದೇ ಇರಲು ಹೆಚ್ಚಾಗಿ ಎರಡೇ ಕಾರಣ. ಯೀಸ್ಟಿಗೆ ಕೈಸುಡುವ ನೀರು ಹಾಕಿದರೆ ಅದರೊಳಗಿನ ಕಿಣ್ವ ಕೆಡುತ್ತದೆ. ಇಲ್ಲವೇ ಪೆರಾಕ್ಸೈಡ್ ಹಳತು, ತೆರೆದಿಟ್ಟ ಬಾಟ್ಲಿಯಲ್ಲಿ ಅದು ತಾನಾಗಿ ಒಡೆದು ನೀರಾಗುತ್ತದೆ. ಹಸಿ ಆಲೂಗಡ್ಡೆಯ ಹೋಳಿನ ಮೇಲೆ ಒಂದು ಹನಿ ಬಿಡಿ. ಗುಳ್ಳೆ ಬಂದರೆ ಸರಿ ಇದೆ, ಬಾರದಿದ್ದರೆ ಹೊಸದು ತನ್ನಿ. ಆರಿಸಿ ಕೆಂಡವಾಗಿಸಿದ ಊದುಬತ್ತಿಯನ್ನು ನೊರೆಗೆ ತಾಗಿಸಿದರೆ ಕೆಂಡ ಝಗ್ಗೆಂದು ಹೊಳೆಯುತ್ತದೆ. ನೊರೆಗಿಂತ ಮುಖ್ಯ ಈ ಕ್ಷಣ, ಒಳಗಿನ ಗಾಳಿ ಯಾವುದೆಂದು ಮಕ್ಕಳೇ ಹೇಳುತ್ತಾರೆ. ಅದನ್ನು ಮಾಡುವುದು ದೊಡ್ಡವರೇ. ಕನ್ನಡಕ ಕಡ್ಡಾಯ, ನೊರೆಯಲ್ಲಿ ಪೆರಾಕ್ಸೈಡ್ ಉಳಿದಿರಬಹುದಾದ್ದರಿಂದ ಮಕ್ಕಳ ಕೈಗೆ ಕೊಡಬೇಡಿ. ಪ್ರಯೋಗಾಲಯದ ಶೇಕಡ 30ರ ಪೆರಾಕ್ಸೈಡನ್ನು ಮಕ್ಕಳ ಮುಂದೆ ತೆರೆಯಲೇಬೇಡಿ, ಚರ್ಮ ಸುಡುತ್ತದೆ.

ಪ್ರಶ್ನೆ: ಸಭಾಂಗಣದಲ್ಲಿ ಮುನ್ನೂರು ಮಕ್ಕಳು. ಹಿಂದಿನ ಸಾಲಿನವರಿಗೆ ಏನೂ ಕಾಣದೆ ಗಲಾಟೆ ಶುರುವಾಗುತ್ತದೆ.
– ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ಮಂಗಳೂರು

ಉತ್ತರ: ಕಾಣದ್ದನ್ನು ಮುಟ್ಟಿಸಿ. ಗಾಳಿಯ ಫಿರಂಗಿ ಕಟ್ಟಿ, ಅದು ಹಿಂದಿನ ಸಾಲಿಗೇ ಹೋಗಿ ತಲಪುತ್ತದೆ.

20 ಲೀಟರಿನ ಖಾಲಿ ಪೈಂಟ್ ಬಕೆಟಿನ ತಳದ ನಡುವೆ 10 ಸೆಂಟಿಮೀಟರ್ ಅಗಲದ ಗುಂಡಗಿನ ತೂತು ಕೊರೆದು ಅಂಚನ್ನು ಮರಳು ಕಾಗದದಲ್ಲಿ ನುಣುಪು ಮಾಡಿ. ಬಕೆಟಿನ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತ ಕಟ್ಟಿ. ಬಕೆಟನ್ನು ಅಡ್ಡ ಹಿಡಿದು ತೂತನ್ನು ಮಕ್ಕಳ ಕಡೆ ತಿರುಗಿಸಿ ಹಾಳೆಗೆ ಅಂಗೈಯಿಂದ ತಟ್ಟಿದರೆ ಗಾಳಿಯ ಬಳೆಯೊಂದು ಹೊರಟು ಐದಾರು ಮೀಟರ್ ಆಚೆಯ ಕೂದಲು ಹಾರಿಸುತ್ತದೆ, ಪೇಪರ್ ಕಪ್ಪಿನ ಗೋಪುರ ಬೀಳಿಸುತ್ತದೆ. ಮುನ್ನೂರು ಮಕ್ಕಳ ಸಭಾಂಗಣಕ್ಕೆ ದೊಡ್ಡ ಡ್ರಮ್ಮೇ ಬೇಕು: 100 ಲೀಟರಿನದು, ತೂತು 20–25 ಸೆಂಟಿಮೀಟರ್.

ಮೊದಲ ಸುತ್ತು ಹೊಗೆ ಇಲ್ಲದೆ ಮಾಡಿ. ಏನೋ ಬಂದು ತಾಗಿತು, ಏನು ಎಂದು ಕೇಳಿ. ಅವರು ಊಹಿಸಿದ ಆಕಾರವನ್ನು ಗಾಳಿಯಲ್ಲಿ ಬೆರಳಿನಿಂದ ಬರೆಯಲಿ. ಹೆಚ್ಚಿನವರು ಉಂಡೆ ಅಥವಾ ಬಾಣ ಬರೆಯುತ್ತಾರೆ. ಆಮೇಲೆ ಧೂಪದ ಹೊಗೆ ತುಂಬಿ ತಟ್ಟಿ. ಮೂರನೆಯ ಸುತ್ತಿಗೆ ಚೌಕ ತೂತಿನ ಇನ್ನೊಂದು ಬಕೆಟ್ ಇರಲಿ: "ಬಳೆ ಚೌಕವೇ ಬಂದೀತೇ?" ಅದು ನಡುಗುತ್ತ ಹೊರಟು, ಮುಂದೆ ಹೋದಂತೆ ದುಂಡಗಾಗುತ್ತದೆ.

ಫ್ಯಾನ್ ತಿರುಗುತ್ತಿದ್ದರೆ ಬಳೆ ಒಡೆಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಫ್ಯಾನ್ ಆರಿಸಿ ಹೆಚ್ಚು ಹೊತ್ತು ಕೂರಿಸಲಾಗದು, ಈ ಭಾಗವನ್ನು ಐದು ನಿಮಿಷದಲ್ಲಿ ಮುಗಿಸಿ. ಬಲವಾಗಿ ಗುದ್ದಿದರೆ ದೂರ ಹೋಗುತ್ತದೆ ಎಂದುಕೊಳ್ಳಬೇಡಿ, ಅತಿ ಜೋರಾದರೆ ಬಳೆ ಹುಟ್ಟುವಾಗಲೇ ಚದುರುತ್ತದೆ. ಚುಟುಕಾದ ಒಂದು ಪೆಟ್ಟು ಸಾಕು. ದಮ್ಮಿನ ತೊಂದರೆ ಇರುವ ಮಕ್ಕಳನ್ನು ಮೊದಲೇ ವಿಚಾರಿಸಿ ಬದಿಗೆ ಕೂರಿಸಿ. ಮೇಜಿನ ಮೇಲಿನ ಸಣ್ಣ ಪ್ರಯೋಗಗಳಿಗೆ ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಪ್ರೊಜೆಕ್ಟರಿಗೆ ಜೋಡಿಸಿ, ಹಿಂದೆ ಕಪ್ಪು ಬಟ್ಟೆ ಕಟ್ಟಿ. ಬಿಳಿ ಗೋಡೆಯ ಎದುರು ಹಬೆ, ಹೊಗೆ ಎರಡೂ ಕಾಣುವುದಿಲ್ಲ.

ಪ್ರಶ್ನೆ: ಒಂದರಿಂದ ಮೂರನೆಯ ತರಗತಿಯವರಿಗೆ ಬೆಂಕಿ, ಗಾಜು ಇಲ್ಲದ ಪ್ರಯೋಗ ಹೇಳಿ.
– ಶಿಕ್ಷಕಿ, ಕುಂದಾಪುರ

ಉತ್ತರ: ಅರಸಿನ. ಆರತಿಯ ಓಕುಳಿ ನೀರು ಕೆಂಪಾಗುವುದನ್ನು ಮಕ್ಕಳು ಮನೆಯಲ್ಲಿ ನೋಡಿರುತ್ತಾರೆ. ಅರಸಿನಕ್ಕೆ ಸುಣ್ಣ ಸೇರಿದರೆ ಆಗುವುದೂ ಇದೇ ಕ್ರಿಯೆ. ಸುಣ್ಣ ಕಣ್ಣಿಗೆ ಅಪಾಯ, ವೇದಿಕೆಗೆ ವಾಷಿಂಗ್ ಸೋಡಾ ಸಾಕು.

ಎರಡು ಸಣ್ಣ ಚಮಚ ಅರಸಿನ ಪುಡಿಯನ್ನು 200 ಮಿಲಿಲೀಟರ್ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ ಸೋಸಿ. ಅರಸಿನದ ಬಣ್ಣ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಒಂದು ಮೀಟರ್ ಬಿಳಿ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ನೆರಳಿನಲ್ಲಿ, ಒಲೆಯಿಂದ ದೂರ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ. ಇದನ್ನು ಹಿಂದಿನ ದಿನವೇ ದೊಡ್ಡವರು ಮಾಡಿಡಲಿ. ವೇದಿಕೆಯಲ್ಲಿ ಎರಡು ಲೋಟ: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ 200 ಮಿಲಿಲೀಟರಿಗೆ ಒಂದು ಸಣ್ಣ ಚಮಚ ವಾಷಿಂಗ್ ಸೋಡಾ ಕರಗಿಸಿದ ನೀರು. ನೋಡಲು ಎರಡೂ ಒಂದೇ. "ಮೂಸದೆ, ಮುಟ್ಟದೆ, ರುಚಿ ನೋಡದೆ ಯಾವುದು ಯಾವುದೆಂದು ಹೇಗೆ ತಿಳಿಯುವುದು?" ಒಂದು ಮಗು ಬ್ರಶ್ಶಿನಿಂದ ಬಟ್ಟೆಯ ಮೇಲೆ ತನ್ನ ಹೆಸರು ಬರೆದಾಗ ಕೆಂಪು ಅಕ್ಷರ ಮೂಡುತ್ತದೆ. ಲಿಂಬೆ ರಸ ಸವರಿದರೆ ಮತ್ತೆ ಹಳದಿ. ಶಾಂಪೂ, ಮಜ್ಜಿಗೆ, ಸಾಬೂನು, ಹುಣಸೆ ನೀರು ಎಲ್ಲದಕ್ಕೂ ಮೊದಲು ಊಹೆ, ಆಮೇಲೆ ಬ್ರಶ್.

ಕೆಂಪು ಬಾರದಿದ್ದರೆ ನೀವು ಅಡುಗೆ ಸೋಡಾ ಬಳಸಿರಬೇಕು, ಅದರ ಕ್ಷಾರಗುಣ ಸಾಲದು. ಪೇಟೆಯ ಪುಡಿಯಲ್ಲಿ ಬೇರೆ ಬಣ್ಣ ಬೆರೆತಿರುವುದೂ ಉಂಟು, ಅರಸಿನ ಕೊಂಬನ್ನೇ ಕುಟ್ಟಿಕೊಳ್ಳಿ. ಮುಂದಿನ ಸಲಕ್ಕೆ ಹತ್ತು ನೀಲಿ ಶಂಖಪುಷ್ಪವನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಸಿ: ಲಿಂಬೆಗೆ ನೇರಳೆ, ಸೋಡಾಕ್ಕೆ ಹಸಿರು.

ಪ್ರಶ್ನೆ: ಸ್ಪಿರಿಟ್‌ನಲ್ಲಿ ಅದ್ದಿದ ನೋಟು ಉರಿಸುವುದು, ಪೊಟ್ಯಾಸಿಯಂ ಪರ್ಮಾಂಗನೇಟಿನಿಂದ ಬೆಂಕಿ ಹುಟ್ಟಿಸುವುದು ಇವೆಲ್ಲ ಸೇರಿಸಬಹುದೇ?
– ಓದುಗರು, ಮೂಡುಬಿದಿರೆ

ಉತ್ತರ: ಬೇಡ. ಶಾಲೆಯ ವೇದಿಕೆಯಲ್ಲಿ ಪರದೆ, ಬಟ್ಟೆ, ಥರ್ಮಾಕೋಲ್ ಇರುತ್ತವೆ, ಮತ್ತು ಮಕ್ಕಳು ಮನೆಗೆ ಹೋಗಿ ಅದನ್ನೇ ಮಾಡುತ್ತಾರೆ. ಮನೆಯಲ್ಲಿ ಮಾಡಿದರೆ ಅಪಾಯವಾಗುವ ಯಾವುದನ್ನೂ ಚಪ್ಪಾಳೆಗಾಗಿ ತೋರಿಸಬಾರದು.

ಪ್ರಶ್ನೆ: ಸೈಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಹೇಗಾದವು ಎಂದು ಮಕ್ಕಳಿಗೆ ಮಾಡಿ ತೋರಿಸಬಹುದೇ?
– ಪ್ರೌಢಶಾಲಾ ಶಿಕ್ಷಕಿ, ಮಲ್ಪೆ

ಉತ್ತರ: ಬಹುದು. ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ಅದು. ತಣಿಯುತ್ತ ಕುಗ್ಗಿ ಬಿರುಕು ಬಿಟ್ಟು ಕಂಬಗಳಾಯಿತು. ಅಂಗಡಿಯ ಕಾರ್ನ್‌ಫ್ಲೋರ್ ಕೂಡ ಒಣಗುವಾಗ ಹೀಗೆಯೇ ಕುಗ್ಗಿ ಕಂಬಕಂಬವಾಗಿ ಸೀಳುತ್ತದೆ. ಮೆಕ್ಕೆಜೋಳದ ಹಿಟ್ಟು ಬೇರೆ, ಅದು ಆಗದು.

200 ಗ್ರಾಂ ಕಾರ್ನ್‌ಫ್ಲೋರಿಗೆ 200 ಮಿಲಿಲೀಟರ್ ನೀರು, ಬೂಸು ಬಾರದಂತೆ ಒಂದು ಸಣ್ಣ ಚಮಚ ಬಟ್ಟೆ ಬಿಳುಪಿಸುವ ದ್ರವ. ನಾಲ್ಕು ಸೆಂಟಿಮೀಟರ್ ಆಳ ಬರುವ ಪಾತ್ರೆಗೆ ಸುರಿದು, 20–30 ಸೆಂಟಿಮೀಟರ್ ಮೇಲೆ 60 ವ್ಯಾಟಿನ ಹಳೆಯ ತಂತಿ ಬಲ್ಬು ಉರಿಸಿ. ಎಲ್‌ಇಡಿ ಬಿಸಿ ಕೊಡುವುದಿಲ್ಲ. ಒಂದೆರಡು ದಿನಕ್ಕೆ ಮೇಲೆ ದೊಡ್ಡ ಬಿರುಕು ಕಾಣುತ್ತದೆ, ಅದನ್ನು ನೋಡಿ ಮುಗಿಯಿತೆಂದು ತೆಗೆಯಬೇಡಿ. ಕಂಬಗಳು ಒಳಗೆ, ನಿಧಾನವಾಗಿ ಆಗುತ್ತವೆ. ವಾರ ಬಿಟ್ಟು ಒಂದು ಗಟ್ಟಿಯನ್ನು ಮುರಿದು ಬುಡದ ಕಡೆ ನೋಡಿದರೆ ಕೆಲವೇ ಮಿಲಿಮೀಟರ್ ದಪ್ಪದ ಕಂಬಗಳು ಒತ್ತೊತ್ತಾಗಿ ನಿಂತಿರುತ್ತವೆ. ನಡುವೆ ಪಾತ್ರೆ ಅಲುಗಾಡಿಸಬಾರದು, ಮಳೆಗಾಲದಲ್ಲಿ ಒಣಗುವುದೇ ಇಲ್ಲ.

ವೇದಿಕೆಗೆ ತಯಾರಾದ ಗಟ್ಟಿಯನ್ನು ತಂದು, ಮುರಿಯುವ ಮೊದಲು "ಒಳಗೆ ಹೇಗಿದ್ದೀತು?" ಎಂದು ಚಿತ್ರ ಬರೆಸಿ. ಮುರಿದ ಮೇಲೆ ಬದಿಗಳನ್ನು ಎಣಿಸಲಿ: ಆರು ಬದಿಯವು ಹಲವು, ಐದು, ಏಳು ಬದಿಯವೂ ಸಿಗುತ್ತವೆ. ದ್ವೀಪದಲ್ಲೂ ಹಾಗೆಯೇ. ಒಂದು ಮಾತು ಬಿಡದೆ ಹೇಳಿ: ಬಂಡೆ ಕುಗ್ಗಿದ್ದು ತಣಿದು, ಹಿಟ್ಟು ಕುಗ್ಗಿದ್ದು ಒಣಗಿ.

ಪ್ರಶ್ನೆ: ಏಪ್ರಿಲಿನ ರಜಾ ಶಿಬಿರದಲ್ಲಿ ಶೂನ್ಯ ನೆರಳಿನ ದಿನ (ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬಂದು ಕೋಲಿನ ನೆರಳು ಮಾಯವಾಗುವ ದಿನ) ಆಚರಿಸುತ್ತೇವೆ. ಮಂಗಳೂರು–ಉಡುಪಿಯ ಮಕ್ಕಳು ಫೋನಿನಲ್ಲಿ ಮಾತಾಡಿಕೊಂಡು ಭೂಮಿಯ ಸುತ್ತಳತೆ ಕಂಡುಹಿಡಿಯುವಂತೆ ನಾಟಕ ಮಾಡಬಹುದೇ?
– ಶಿಬಿರದ ಸಂಘಟಕರು, ಉಡುಪಿ

ಉತ್ತರ: ಯೋಚನೆ ಚೆನ್ನಾಗಿದೆ, ಜೋಡಿ ಊರು ಸರಿಯಿಲ್ಲ. ಮಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಉಡುಪಿಯಲ್ಲಿ ಒಂದು ದಿನ ತಡವಾಗಿ ಸೂರ್ಯ ನೆತ್ತಿಗೆ ಬರುತ್ತಾನೆ. ಎರಡು ಊರಿನ ಅಕ್ಷಾಂಶದ ಅಂತರ ಅರ್ಧ ಡಿಗ್ರಿಗೂ ಕಡಿಮೆ. ಒಂದು ಮೀಟರ್ ಕೋಲಿನ ನೆರಳಿನಲ್ಲಿ ಅದರಿಂದ ಬರುವ ವ್ಯತ್ಯಾಸ 8 ಮಿಲಿಮೀಟರ್. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಹಾಗಾಗಿ ಅದೇ ಕೋಲಿನ ನೆರಳಿನ ಅಂಚು 9 ಮಿಲಿಮೀಟರಿನಷ್ಟು ಮಸುಕಾಗಿರುತ್ತದೆ. ಅಳೆಯಬೇಕಾದ್ದಕ್ಕಿಂತ ಮಸುಕೇ ಹೆಚ್ಚಾಯಿತು.

ಬೀದರಿನ ಶಾಲೆಯೊಂದನ್ನು ಜೊತೆ ಮಾಡಿಕೊಳ್ಳಿ, ನಿಮ್ಮ ಕಡೆಯ ಅಳತೆಯನ್ನು ಮಂಗಳೂರಿನ ಮಕ್ಕಳು ತೆಗೆಯಲಿ. ಅಲ್ಲಿಗೆ ಅಂತರ ಸುಮಾರು 5 ಡಿಗ್ರಿ, ಉತ್ತರ–ದಕ್ಷಿಣವಾಗಿ ನೇರಕ್ಕೆ 560 ಕಿಲೋಮೀಟರ್. ಮಂಗಳೂರಿನಲ್ಲಿ ನೆರಳು ಕೋಲಿನ ಬುಡದಲ್ಲಿ ಅಡಗುವ ದಿನ ಬೀದರಿನಲ್ಲಿ ಮೀಟರ್ ಕೋಲಿಗೆ ಹೆಚ್ಚುಕಡಿಮೆ 9 ಸೆಂಟಿಮೀಟರ್ ನೆರಳು ಇರುತ್ತದೆ. ಮಕ್ಕಳು ನೆಲದ ಮೇಲೆ ಆ ತ್ರಿಕೋನವನ್ನು ಬರೆದು ಕೋನಮಾಪಕದಿಂದ ಅಳೆದರೆ 5 ಡಿಗ್ರಿ. ಭೂಮಿಯ ಪೂರ್ತಿ ಸುತ್ತು 360 ಡಿಗ್ರಿ, ಅದರಲ್ಲಿ 5 ಎಪ್ಪತ್ತೆರಡು ಸಲ ಇದೆ, 72ನ್ನು 560ರಿಂದ ಗುಣಿಸಿದರೆ 40,320 ಕಿಲೋಮೀಟರ್. ನಿಜವಾದ ಸುತ್ತಳತೆ ಸುಮಾರು 40,000.

ಎರಡೂ ಕಡೆ ಒಂದೇ ಗಡಿಯಾರದ ಹೊತ್ತಿಗೆ ಅಳೆದರೆ ತಪ್ಪಾಗುತ್ತದೆ. ಸೂರ್ಯ ಅತಿ ಎತ್ತರಕ್ಕೆ ಬರುವುದು ಮಂಗಳೂರಿನಲ್ಲಿ ಸುಮಾರು 12 ಗಂಟೆ 28 ನಿಮಿಷಕ್ಕೆ, ಬೀದರಿನಲ್ಲಿ ಸುಮಾರು 12 ಗಂಟೆ 18 ನಿಮಿಷಕ್ಕೆ. ಹತ್ತು ನಿಮಿಷ ಮೊದಲೇ ಶುರುಮಾಡಿ ಎರಡೆರಡು ನಿಮಿಷಕ್ಕೆ ನೆರಳಿನ ತುದಿ ಗುರುತಿಸಿ, ಅತಿ ಗಿಡ್ಡದನ್ನು ಆರಿಸಿ. ಕೋಲು ನೇರ ನಿಂತಿದೆಯೇ ಎಂದು ತೂಗುಗುಂಡಿನಿಂದ ಎರಡು ಬದಿಯಿಂದ ನೋಡಿ, ಒಂದು ಡಿಗ್ರಿ ವಾಲಿದರೂ ಮೀಟರ್ ಕೋಲಿಗೆ 17 ಮಿಲಿಮೀಟರ್ ತಪ್ಪು ಬರುತ್ತದೆ. ಯಾರೂ ಸೂರ್ಯನ ಕಡೆ ನೋಡದಂತೆ ಮಕ್ಕಳನ್ನು ನೆರಳಿನ ಸುತ್ತ ಕೆಳಗೆ ನೋಡುವಂತೆ ಕೂರಿಸಿ, ಟೊಪ್ಪಿ, ನೀರು ಇರಲಿ. ಮೋಡ ಬಂದರೆ ಮರುದಿನ ಮಾಡಿ. ಆಗ ಮಂಗಳೂರಿನಲ್ಲೂ ಅರ್ಧ ಸೆಂಟಿಮೀಟರಿನಷ್ಟು ನೆರಳು ದಕ್ಷಿಣಕ್ಕೆ ಬಿದ್ದಿರುತ್ತದೆ, ಬೀದರಿನ ನೆರಳು ಉತ್ತರಕ್ಕೇ ಇರುತ್ತದೆ. ಎರಡೂ ಕೋನಗಳನ್ನು ಕೂಡಿಸಿದರೆ ಅದೇ 5 ಡಿಗ್ರಿ ಸಿಗುತ್ತದೆ. ಆಗಸ್ಟಿನ ನಡುವೆ ಸೂರ್ಯ ಇನ್ನೊಮ್ಮೆ ನೆತ್ತಿಗೆ ಬರುತ್ತಾನೆ, ಆದರೆ ನಮ್ಮಲ್ಲಿ ಆಗ ಮಳೆ ಇರುವುದರಿಂದ ಏಪ್ರಿಲನ್ನೇ ನೆಚ್ಚಿಕೊಳ್ಳಿ.